ಪೊಟ್ಟಿ ಶ್ರೀರಾಮುಲು ಮತ್ತು ನಮ್ಮ ರಾಯದುರ್ಗ, ಮಡಕಶಿರಾ



ನವೆಂಬರ್ ಒಂದರಂದು ನಾವು ತಾಯಿ ಭುವನೇಶ್ವರಿಯ ಚಿತ್ರಕ್ಕೆ ಹೂ ಏರಿಸುವ ಹೊತ್ತಿಗೆ, ಗಡಿಯಾಚೆ ಆಂಧ್ರದ ಕಚೇರಿಗಳಲ್ಲಿ ಇನ್ನೊಬ್ಬರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಕನ್ನಡವೇ ಮನೆಮಾತಾಗಿರುವ ಮಡಕಶಿರಾ, ಅಗಳಿ, ರೊಳ್ಳ, ಡಿ. ಹಿರೇಹಾಳಿನ ಕಡೆಯವರಿಗೂ ಆ ಚಿತ್ರ ಪರಿಚಿತ. ಬೋಳಿಸಿದ ತಲೆ, ಒಣಗಿದ ಮೈ, ಖಾದಿ ಬಟ್ಟೆ. ಅವರು ಪೊಟ್ಟಿ ಶ್ರೀರಾಮುಲು. ಪ್ರತಿ ವರ್ಷ ಈ ಪುಟದಲ್ಲಿ ಆಲೂರು ವೆಂಕಟರಾಯರ ಬಗ್ಗೆ, ಹುಯಿಲಗೋಳ ನಾರಾಯಣರಾಯರ ಬಗ್ಗೆ ಬರೆಯುತ್ತೇವೆ, ಓದುತ್ತೇವೆ. ಈ ಸಲ ಪಕ್ಕದ ಮನೆಯವರ ಒಬ್ಬ ಹಿರಿಯರ ಬದುಕನ್ನು ನೋಡೋಣ. ರಾಯದುರ್ಗ ಯಾವ ರಾಜ್ಯಕ್ಕೆ ಸೇರಬೇಕು ಎಂಬ ತೀರ್ಮಾನವನ್ನು ಅವರು ಮಾಡಲಿಲ್ಲ. ಆದರೆ ಆ ತೀರ್ಮಾನ ಬೇಗ ಆಗುವಂತೆ ಮಾಡಿದ್ದು ಅವರ ಸಾವು.

ಶ್ರೀರಾಮುಲು ಹುಟ್ಟಿದ್ದು 1901ರ ಮಾರ್ಚ್ 16ರಂದು, ಮದರಾಸಿನ ಜಾರ್ಜ್ ಟೌನ್‌ನಲ್ಲಿ. ತಂದೆ ಗುರವಯ್ಯ, ತಾಯಿ ಮಹಾಲಕ್ಷ್ಮಮ್ಮ. ಮನೆತನದ ಬೇರು ನೆಲ್ಲೂರಿನ ಕಡೆಯದು. ಮದರಾಸಿನಲ್ಲಿ ಶಾಲೆ ಮುಗಿಸಿ ಮುಂಬೈಗೆ ಹೋಗಿ, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ನೈರ್ಮಲ್ಯ ಎಂಜಿನಿಯರಿಂಗ್ ಓದಿದರು. ಆಮೇಲೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯಲ್ಲಿ ನೌಕರಿ. ಆ ಕಾಲಕ್ಕೆ ಅದು ಬಂಗಾರದಂಥ ಕೆಲಸ. ಹೀಗೆಯೇ ಸಾಗಿದ್ದರೆ ನಿವೃತ್ತಿ ವೇತನ ಪಡೆದು, ಮೊಮ್ಮಕ್ಕಳನ್ನು ಆಡಿಸಿಕೊಂಡು ಇರಬಹುದಿತ್ತು.

ಹಾಗೆ ಸಾಗಲಿಲ್ಲ. 1920ರ ದಶಕದ ಕೊನೆಯಲ್ಲಿ ಹೆಂಡತಿ ತೀರಿಕೊಂಡರು, ಹಸುಗೂಸೂ ಉಳಿಯಲಿಲ್ಲ. ಕೆಲಸ ಬಿಟ್ಟರು, ಆಸ್ತಿಯ ಆಸೆ ಬಿಟ್ಟರು, ಗಾಂಧೀಜಿಯವರ ಸಾಬರಮತಿ ಆಶ್ರಮ ಸೇರಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು. ನಲವತ್ತರ ದಶಕದ ವೈಯಕ್ತಿಕ ಸತ್ಯಾಗ್ರಹದಲ್ಲಿ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಮತ್ತೆ ಮತ್ತೆ ಜೈಲು. ನಡುವೆ ಕೃಷ್ಣಾ ಜಿಲ್ಲೆಯ ಕೊಮರವೋಲು ಎಂಬ ಹಳ್ಳಿಯಲ್ಲಿ ಯೆರ್ನೇನಿ ಸುಬ್ರಹ್ಮಣ್ಯಂ ನಡೆಸುತ್ತಿದ್ದ ಗಾಂಧಿ ಆಶ್ರಮದಲ್ಲಿ ಇದ್ದು ಖಾದಿ, ನೂಲುವ ಕೆಲಸ. ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿಯಲ್ಲಿ ಇಂಥ ಬದುಕುಗಳು ನೂರಾರು ಇವೆ, ಇಲ್ಲಿ ಹೆಚ್ಚು ನಿಲ್ಲುವುದಿಲ್ಲ.

ನಿಲ್ಲಬೇಕಾದದ್ದು ನೆಲ್ಲೂರಿನಲ್ಲಿ. ಶ್ರೀರಾಮುಲು ಎಂದರೆ 1952ರ ಉಪವಾಸ ಮಾತ್ರ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಭಾಷೆಯ ವಿಷಯ ಅವರ ಜೀವನದಲ್ಲಿ ಬಂದದ್ದು ಕೊನೆಗೆ. ಅದಕ್ಕೂ ಮೊದಲಿನ ವರ್ಷಗಳೆಲ್ಲ ಅಸ್ಪೃಶ್ಯತೆಯ ವಿರುದ್ಧ ಕಳೆದವು. 1946ರಲ್ಲಿ ನೆಲ್ಲೂರಿನ ಮೂಲಪೇಟೆಯ ವೇಣುಗೋಪಾಲಸ್ವಾಮಿ ದೇವಸ್ಥಾನಕ್ಕೆ ಹರಿಜನರನ್ನು ಬಿಡಬೇಕೆಂದು ಉಪವಾಸ ಕೂತರು. ಬಾಗಿಲು ತೆರೆಯಿತು. ಅದೇ ವರ್ಷ ಮದರಾಸು ಪ್ರಾಂತ್ಯದ ಎಲ್ಲ ದೇವಸ್ಥಾನಗಳನ್ನೂ ತೆರೆಯಬೇಕೆಂದು ಆಮರಣ ಉಪವಾಸಕ್ಕೇ ಇಳಿದರು. ಸ್ವಾತಂತ್ರ್ಯ ಹೊಸ್ತಿಲಲ್ಲಿ ಇರುವಾಗ ಇದೆಂಥ ಹಟ ಎಂದು ಕಾಂಗ್ರೆಸ್ಸಿನ ನಾಯಕರಿಗೆ ಕಿರಿಕಿರಿ. ಯಾರು ಹೇಳಿದರೂ ಕೇಳಲಿಲ್ಲ. ಕಡೆಗೆ ಗಾಂಧೀಜಿಯವರೇ ಹೇಳಿ ನಿಲ್ಲಿಸಬೇಕಾಯಿತು. ಗಾಂಧೀಜಿಗೆ ಈ ಶಿಷ್ಯನ ನಿಷ್ಠೆಯ ಬಗ್ಗೆ ಮೆಚ್ಚುಗೆ ಇತ್ತು, ಸ್ವಲ್ಪ ವಿಚಿತ್ರ ಮನುಷ್ಯ ಎಂಬ ಅಭಿಪ್ರಾಯವೂ ಇತ್ತು. 1947ರಲ್ಲಿ ಮದರಾಸು ಸರ್ಕಾರ ದೇವಾಲಯ ಪ್ರವೇಶದ ಕಾನೂನು ತಂದಿತು. ಅದಕ್ಕೆ ಕಾರಣರು ಅನೇಕರು, ಶ್ರೀರಾಮುಲು ಅವರಲ್ಲಿ ಒಬ್ಬರು.

ಕಾನೂನು ಬಂದರೂ ಅವರು ಸುಮ್ಮನಾಗಲಿಲ್ಲ. ವಾರಕ್ಕೆ ಒಂದು ದಿನವಾದರೂ ಸರ್ಕಾರಿ ಅಧಿಕಾರಿಗಳು ಹರಿಜನರ ಏಳಿಗೆಗೆ ದುಡಿಯಬೇಕೆಂದು ಮತ್ತೆ ಉಪವಾಸ. ನೆಲ್ಲೂರಿನ ಬೀದಿಗಳಲ್ಲಿ ಆ ದಿನಗಳಲ್ಲಿ ಅವರು ಹರಿಜನೋದ್ಧಾರದ ಘೋಷಣೆಗಳನ್ನು ಬರೆದ ಫಲಕಗಳನ್ನು ಮೈಗೆ ತೂಗಿಹಾಕಿಕೊಂಡು ನಡೆಯುತ್ತಿದ್ದರು. ಕಾಲಿಗೆ ಚಪ್ಪಲಿ ಇಲ್ಲ, ನೆಲ್ಲೂರಿನ ಉರಿಬಿಸಿಲಿಗೆ ಕೊಡೆ ಇಲ್ಲ. ಮಕ್ಕಳು ಹಿಂದೆ ಬರುತ್ತಿದ್ದರೆ ಬರಲಿ, ದೊಡ್ಡವರು ಹುಚ್ಚ ಎಂದರೆ ಅನ್ನಲಿ.

ಇವತ್ತು ಚಳವಳಿಗಾರರು ಜನರ ಮನಸ್ಸು ಒಲಿಸಲು ಏನೇನೋ ಉಪಾಯ ಮಾಡುತ್ತಾರೆ. ಬಾಯಿಗೆ ಕಪ್ಪು ಬಟ್ಟೆ ಕಟ್ಟುತ್ತಾರೆ, ರಸ್ತೆಯಲ್ಲಿ ಉರುಳುಸೇವೆ ಮಾಡುತ್ತಾರೆ, ಕತ್ತೆಗೆ ಮನವಿಪತ್ರ ಕೊಡುತ್ತಾರೆ, ಸಾಮಾಜಿಕ ಜಾಲತಾಣದಲ್ಲಿ ಒಂದೇ ಸಾಲನ್ನು ಸಾವಿರ ಜನ ಹಾಕುತ್ತಾರೆ. ಶ್ರೀರಾಮುಲು ಬಳಿ ಇದ್ದದ್ದು ಅವರ ದೇಹ ಒಂದೇ. ಅದನ್ನೇ ಭಿತ್ತಿಪತ್ರ ಮಾಡಿಕೊಂಡರು. ನೋಡುವವರಿಗೆ ಮುಜುಗರವಾಗುತ್ತಿತ್ತು, ಆ ಮುಜುಗರವೇ ಕೆಲಸ ಮಾಡುತ್ತಿತ್ತು. ಮೂಲಪೇಟೆಯ ಉಪವಾಸ ಫಲಿಸಿದ್ದಕ್ಕೆ ಇನ್ನೂ ಒಂದು ಕಾರಣವಿದೆ ಎಂದು ನನಗೆ ಅನ್ನಿಸುತ್ತದೆ. ಅಲ್ಲಿ ಬಾಗಿಲು ಮುಚ್ಚಿದ್ದವರೂ ಉಪವಾಸ ಕೂತವರೂ ಒಂದೇ ಊರಿನವರು. ಅವರ ನಡುವೆ ಮುಖ ನೋಡುವ ಸಂಬಂಧ ಇತ್ತು. ಕೇಳಿದ್ದು ಒಂದು ಬಾಗಿಲು, ತೆರೆಯಬಹುದಾದವರ ಕೈಯಲ್ಲೇ ಕೀಲಿ ಇತ್ತು. ಆರು ವರ್ಷದ ನಂತರ ಅದೇ ಆಯುಧವನ್ನು ದೂರದ ದೆಹಲಿಯ ಕಡೆ ತಿರುಗಿಸಿದಾಗ ಈ ಯಾವುದೂ ಇರಲಿಲ್ಲ.

ಆಂಧ್ರ ಪ್ರಾಂತ್ಯದ ಬೇಡಿಕೆ ಹೊಸದೇನಲ್ಲ. ನಮ್ಮ ಏಕೀಕರಣದ ಕನಸಿನಷ್ಟೇ ಹಳೆಯದು. ಕಾಂಗ್ರೆಸ್ಸು ತನ್ನ ಪ್ರಾಂತೀಯ ಸಮಿತಿಗಳನ್ನು ಭಾಷೆಯ ಪ್ರಕಾರ ಮಾಡಿಕೊಂಡು, ಸ್ವಾತಂತ್ರ್ಯ ಬಂದ ಮೇಲೆ ರಾಜ್ಯಗಳನ್ನೂ ಹಾಗೆಯೇ ಮಾಡುವ ಆಸೆ ಹುಟ್ಟಿಸಿತ್ತು. ದೇಶ ವಿಭಜನೆಯ ರಕ್ತ ಕಂಡ ಮೇಲೆ ನೆಹರೂ, ಪಟೇಲರು ಹಿಂದೆ ಸರಿದರು. 1948ರಲ್ಲಿ ಧರ್ ಆಯೋಗ ಬೇಡ ಎಂದಿತು. 1949ರಲ್ಲಿ ಜವಾಹರಲಾಲ್, ವಲ್ಲಭಭಾಯಿ, ಪಟ್ಟಾಭಿಯವರ ಸಮಿತಿ ಆಂಧ್ರಕ್ಕೆ ಮಾತ್ರ ಅರ್ಧ ಬಾಗಿಲು ತೆರೆದು, ಮದರಾಸು ನಗರದ ಆಸೆ ಬಿಡಿ ಎಂದಿತು. ನಮ್ಮ ಕರ್ನಾಟಕಕ್ಕೆ ಅಷ್ಟೂ ಸಿಗಲಿಲ್ಲ.

1951ರ ಆಗಸ್ಟ್ 15ರಂದು ಸ್ವಾಮಿ ಸೀತಾರಾಂ ಎಂದೇ ಹೆಸರಾದ ಗೊಲ್ಲಪೂಡಿ ಸೀತಾರಾಮ ಶಾಸ್ತ್ರಿಗಳು ಆಂಧ್ರಕ್ಕಾಗಿ ಉಪವಾಸ ಕೂತರು. 35 ದಿನ ನಡೆಯಿತು. ವಿನೋಬಾ ಭಾವೆಯವರ ಮಾತಿಗೆ ಕಟ್ಟುಬಿದ್ದು ನಿಲ್ಲಿಸಿದರು. ಆಮೇಲೆ ಒಂದು ವರ್ಷ ಕಳೆದರೂ ಏನೂ ಆಗಲಿಲ್ಲ. ಈ ಒಂದು ವರ್ಷ ಬಹಳ ಮುಖ್ಯ. ಒಬ್ಬರು ಒಳ್ಳೆಯ ಮಾತಿಗೆ ಉಪವಾಸ ಬಿಟ್ಟು, ಆ ಮಾತು ನೀರಿನ ಮೇಲಿನ ಬರಹವಾದರೆ, ಮುಂದೆ ಕೂರುವವರಿಗೆ ಎದ್ದುಬರುವ ದಾರಿ ಮುಚ್ಚಿದಂತೆ. 1946ರಲ್ಲಿ ಗಾಂಧೀಜಿಯವರ ಮಾತಿಗೆ ಎದ್ದಿದ್ದ ಶ್ರೀರಾಮುಲು 1952ರಲ್ಲಿ ಏಳಲಿಲ್ಲ. ಎಬ್ಬಿಸಬಲ್ಲವರಾಗಿದ್ದ ಗಾಂಧೀಜಿ ಆಗ ಇರಲೂ ಇಲ್ಲ.

1952ರ ಅಕ್ಟೋಬರ್ 19. ಮದರಾಸಿನ ಮೈಲಾಪುರದಲ್ಲಿ, ಮದರಾಸು ವಿಧಾನಸಭೆಯ ಸ್ಪೀಕರ್ ಆಗಿದ್ದ ಬುಲುಸು ಸಾಂಬಮೂರ್ತಿಯವರ ಮನೆಯಲ್ಲಿ ಉಪವಾಸ ಶುರುವಾಯಿತು. ಜಾಗದ ಆಯ್ಕೆಯಲ್ಲೇ ಒಂದು ಮಾತಿತ್ತು. ಗುಂಟೂರಿನಲ್ಲೋ ನೆಲ್ಲೂರಿನಲ್ಲೋ ಕೂತಿದ್ದರೆ ಸುತ್ತಲೂ ತಮ್ಮವರೇ ಇರುತ್ತಿದ್ದರು. ಅವರು ಕೂತದ್ದು ಮದರಾಸು ನಮ್ಮದೂ ಹೌದು ಎಂದು ಸಾರಲು, ತಗಾದೆಯ ನಗರದ ಒಳಗೇ. ಮುಖ್ಯಮಂತ್ರಿ ರಾಜಾಜಿಯವರೂ ಆ ಊರಿನಲ್ಲೇ.

ಮೊದಲ ವಾರಗಳಲ್ಲಿ ಯಾರೂ ದೊಡ್ಡದಾಗಿ ಗಮನಿಸಲಿಲ್ಲ. ಒಬ್ಬ ಖಾದಿಧಾರಿಯ ಉಪವಾಸ ಎಂದರೆ ಆ ಕಾಲದಲ್ಲಿ ಅಪರೂಪದ ಸುದ್ದಿಯಲ್ಲ. ಆದರೆ ಉಪವಾಸಕ್ಕೆ ಒಂದು ಗುಣವಿದೆ, ಅದು ದಿನ ಎಣಿಸುತ್ತದೆ. ಮೆರವಣಿಗೆ ಒಂದು ದಿನ ನಡೆದು ಮುಗಿಯುತ್ತದೆ, ಭಾಷಣ ಒಂದು ಸಂಜೆ. ಉಪವಾಸದಲ್ಲಿ ಇವತ್ತು ಮೂವತ್ತನೆಯ ದಿನ, ನಾಳೆ ಮೂವತ್ತೊಂದನೆಯ ದಿನ ಎಂದು ಏನೂ ನಡೆಯದಿದ್ದರೂ ಸುದ್ದಿ ಬೆಳೆಯುತ್ತದೆ. ಊರೂರಿನಲ್ಲಿ ಹರತಾಳಗಳಾದವು, ವಿದ್ಯಾರ್ಥಿಗಳು ಬೀದಿಗೆ ಬಂದರು, ದೆಹಲಿಗೆ ತಂತಿಗಳು ಹೋದವು. ಡಿಸೆಂಬರ್ ಮೊದಲ ವಾರದಲ್ಲಿ ಕೂಡ ನೆಹರೂ ಅವರು ಈ ಉಪವಾಸಕ್ಕೆ ಮಣಿಯುವುದಿಲ್ಲ, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬ ನಿಲುವಿನಲ್ಲಿದ್ದರು, ರಾಜಾಜಿಗೆ ಹಾಗೆ ಬರೆದೂ ಇದ್ದರು. 12ನೆಯ ತಾರೀಖಿನ ಹೊತ್ತಿಗೆ ಮನಸ್ಸು ಬದಲಾಗಿ, ಆಂಧ್ರದ ಬೇಡಿಕೆ ಒಪ್ಪುವ ಕಾಲ ಬಂದಿದೆ ಎಂಬ ಧಾಟಿಯಲ್ಲಿ ಬರೆದರು. ಆದರೆ ಉಪವಾಸ ನಿಲ್ಲಿಸಬಲ್ಲಂಥ ಖಚಿತ ಮಾತು ಮೈಲಾಪುರದ ಆ ಮನೆಗೆ ತಲುಪಲಿಲ್ಲ. ಡಿಸೆಂಬರ್ 15ರ ರಾತ್ರಿ, 58ನೆಯ ದಿನ, ಶ್ರೀರಾಮುಲು ತೀರಿಕೊಂಡರು. ವಯಸ್ಸು 51.

ಬದುಕಿದ್ದಾಗ ಆ ಮನೆಗೆ ಬಂದವರಿಗಿಂತ ಸತ್ತ ಮೇಲೆ ಬಂದವರು ಹೆಚ್ಚು. ಟಂಗುಟೂರಿ ಪ್ರಕಾಶಂ ಪಂತುಲು ಬಂದರು. ಗಾಯಕ ಘಂಟಸಾಲ ಶವಯಾತ್ರೆಯಲ್ಲಿ ಹಾಡುತ್ತಾ ನಡೆದರು ಎಂಬುದು ತೆಲುಗರಲ್ಲಿ ಇಂದಿಗೂ ಮನೆಮಾತು. ಸುದ್ದಿ ಹಬ್ಬಿದಂತೆ ಆಂಧ್ರ ಜಿಲ್ಲೆಗಳು ಹೊತ್ತಿ ಉರಿದವು. ರೈಲುಗಳು ನಿಂತವು, ಸರ್ಕಾರಿ ಕಚೇರಿಗಳ ಮೇಲೆ ದಾಳಿಯಾಯಿತು, ನೆಲ್ಲೂರು, ಅನಕಾಪಲ್ಲಿ ಮುಂತಾದೆಡೆ ಪೊಲೀಸರ ಗುಂಡಿಗೆ ಜನ ಸತ್ತರು. ಅಹಿಂಸೆಯ ಹೆಸರಿನಲ್ಲಿ ಇಡೀ ಜೀವನ ಸವೆಸಿದವರ ಸಾವಿಗೆ ಇದು ಪ್ರತಿಕ್ರಿಯೆ. ಅವರೇ ಬದುಕಿದ್ದರೆ ಬಹುಶಃ ಇದರ ವಿರುದ್ಧವೂ ಒಂದು ಉಪವಾಸ ಕೂರುತ್ತಿದ್ದರು. ಡಿಸೆಂಬರ್ 19ರಂದು ನೆಹರೂ ಲೋಕಸಭೆಯಲ್ಲಿ ಆಂಧ್ರ ರಾಜ್ಯದ ಘೋಷಣೆ ಮಾಡಿದರು. ಮದರಾಸು ನಗರ ಅದರಲ್ಲಿ ಇರಲಿಲ್ಲ. 58 ದಿನ ಯಾವ ನಗರದಲ್ಲಿ ಮಲಗಿದ್ದರೋ ಅದೊಂದೇ ಸಿಗಲಿಲ್ಲ.

ಇಲ್ಲಿಂದ ಮುಂದೆ ಕಥೆ ನಮ್ಮ ಕಡೆಗೆ ಬರುತ್ತದೆ. ಸತ್ತವರು ನಕ್ಷೆಯ ಮುಂದೆ ಕೂತು ಮಾತಾಡಲಾರರು. ಗೆರೆ ಎಳೆಯುವ ಕೆಲಸ ಅಧಿಕಾರಿಗಳ, ನ್ಯಾಯಮೂರ್ತಿಗಳ ಪಾಲಿಗೆ ಬಂತು. ನ್ಯಾಯಮೂರ್ತಿ ವಾಂಛೂ ಅವರು 1953ರ ಆರಂಭದಲ್ಲಿ ವರದಿ ಕೊಟ್ಟರು. ಗೊಡವೆಯಿಲ್ಲದ ತೆಲುಗು ಜಿಲ್ಲೆಗಳು ಇಡಿಯಾಗಿ ಆಂಧ್ರಕ್ಕೆ. ಅನಂತಪುರ ಅಂಥದ್ದೊಂದು ಜಿಲ್ಲೆ. 1882ರಲ್ಲಿ ಬಳ್ಳಾರಿಯಿಂದ ಒಡೆದು ಮಾಡಿದ ಜಿಲ್ಲೆ ಅದು, ಮಡಕಶಿರಾ ಅದರ ತೆಂಕಣ ಮೂಲೆ. ಜಿಲ್ಲೆಯನ್ನೇ ಅಳತೆಗೋಲು ಮಾಡಿಕೊಂಡ ಮೇಲೆ, ಅದರೊಳಗಿನ ಒಂದು ತಾಲ್ಲೂಕಿನ ಹಳ್ಳಿಗಳಲ್ಲಿ ಯಾವ ಭಾಷೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಮಡಕಶಿರಾದ ಮೂರು ಕಡೆಯೂ ಶಿರಾ, ಪಾವಗಡ, ಮಧುಗಿರಿಗಳ ಕನ್ನಡ ಸೀಮೆ. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಅಮರಾಪುರದ ಹತ್ತಿರ ಇದೇ ಸೀಮೆಯಲ್ಲಿದೆ. ಅಲ್ಲಿನ ಕಲ್ಲುಗಳ ಮೇಲೆ ಕನ್ನಡ ಶಾಸನಗಳಿವೆ. ಶಾಸನಗಳು ಅರ್ಜಿ ಹಾಕುವುದಿಲ್ಲವಲ್ಲ.

ಬಳ್ಳಾರಿಯ ವಿಷಯ ಬೇರೆ. ಅಲ್ಲಿ ತಗಾದೆ ಇತ್ತು, ಆದ್ದರಿಂದ ಅಳತೆಗೋಲು ತಾಲ್ಲೂಕಿಗೆ ಇಳಿಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಹೊಸಪೇಟೆ, ಸಿರುಗುಪ್ಪ, ಸಂಡೂರು ಮೈಸೂರಿಗೆ. ಬಳ್ಳಾರಿ ತಾಲ್ಲೂಕು ಮಾತ್ರ ತೂಗುಯ್ಯಾಲೆಯಲ್ಲಿ ಉಳಿಯಿತು. ಅದಕ್ಕೆ ನ್ಯಾಯಮೂರ್ತಿ ಮಿಶ್ರಾ ಅವರನ್ನು ನೇಮಿಸಿದರು. ಅವರ ಮುಂದೆ ಎರಡೂ ಕಡೆಯವರ ಮನವಿ, ಸಾಕ್ಷಿ, ವಾದ. ಕೊನೆಗೆ ಬಳ್ಳಾರಿ ತಾಲ್ಲೂಕೂ ಮೈಸೂರಿಗೆ ಬಂತು. ಆ ದಿನಗಳ ಘರ್ಷಣೆಯಲ್ಲಿ ಪ್ರಾಣ ತೆತ್ತ ಪಿಂಜಾರ ರಂಜಾನ್ ಸಾಬರನ್ನು ನಾವು ಮರೆಯಬಾರದು.

ರಾಯದುರ್ಗಕ್ಕೆ ಇಂಥ ಮಿಶ್ರಾ ಸಿಗಲಿಲ್ಲ. ಅಲ್ಲಿ ತೆಲುಗರೇ ಹೆಚ್ಚು ಎಂದು ತೀರ್ಮಾನವಾಗಿತ್ತು. ಇಡೀ ತಾಲ್ಲೂಕಿನ ಲೆಕ್ಕ ಹಾಗಿದ್ದಿರಬಹುದು, ಆದರೆ ತಾಲ್ಲೂಕು ಎಂದರೆ ಒಂದೇ ಬಣ್ಣದ ಬಟ್ಟೆಯಲ್ಲ. ಹಗರಿ ಹೊಳೆಯ ಕಡೆಯ ಕಣೇಕಲ್ಲು, ಬೊಮ್ಮನಹಾಳು, ಹಿರೇಹಾಳಿನ ಸುತ್ತ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ಕಚೇರಿಯಲ್ಲಿ ತೆಲುಗು. ಬೀಗರು ಬಳ್ಳಾರಿಯಲ್ಲಿ, ಮೊಳಕಾಲ್ಮೂರಿನಲ್ಲಿ. ಈ ಹಳ್ಳಿಗಳನ್ನು ಒಂದೊಂದಾಗಿ ಎಣಿಸುವ ಕ್ರಮ ಆಗ ಬರಲಿಲ್ಲ. ಕೆಲವು ವರ್ಷಗಳ ನಂತರ ಆಂಧ್ರ ಮತ್ತು ಮದರಾಸಿನ ನಡುವೆ ಗಡಿ ತಿದ್ದುವಾಗ ಪಾಟಸ್ಕರ್ ಅವರು ಹಳ್ಳಿಯನ್ನೇ ಅಳತೆ ಮಾಡಿಕೊಂಡರು, 1960ರ ಏಪ್ರಿಲ್‌ನಲ್ಲಿ ಅದು ಜಾರಿಗೂ ಬಂತು. ನಮ್ಮಲ್ಲಿ ಗಡಿ ಎಂದರೆ ಥಟ್ಟನೆ ನೆನಪಾಗುವ ಮಹಾಜನ್ ಆಯೋಗದ ಮುಂದೆ ಬೆಳಗಾವಿ, ಸೊಲ್ಲಾಪುರ, ಕಾಸರಗೋಡುಗಳಿದ್ದವು. ರಾಯದುರ್ಗ, ಮಡಕಶಿರಾ ಅದರ ವ್ಯಾಪ್ತಿಯಲ್ಲೇ ಇರಲಿಲ್ಲ.

1953ರ ಅಕ್ಟೋಬರ್ 1ರಂದು ಕರ್ನೂಲಿನಲ್ಲಿ ಆಂಧ್ರ ರಾಜ್ಯದ ಉದ್ಘಾಟನೆ ಆಯಿತು, ಪ್ರಕಾಶಂ ಮೊದಲ ಮುಖ್ಯಮಂತ್ರಿ. ಅದೇ ದಿನ ಬಳ್ಳಾರಿ ಮೈಸೂರಿನ ಭಾಗವಾಯಿತು. ಅದೇ ದಿನ ರಾಯದುರ್ಗ ಬಳ್ಳಾರಿಯಿಂದ ಕಳಚಿ ಅನಂತಪುರ ಜಿಲ್ಲೆಗೆ ಸೇರಿತು, ಆದೋನಿ, ಆಲೂರು ಕರ್ನೂಲಿಗೆ. ಒಂದು ಕಡೆ ಪಟಾಕಿ, ಇನ್ನೊಂದು ಕಡೆ ಪಟಾಕಿ, ನಡುವೆ ಕೆಲವು ಊರುಗಳು.

ಶ್ರೀರಾಮುಲು ಅವರ ಸಾವು ನಮ್ಮ ಏಕೀಕರಣಕ್ಕೂ ಬಿರುಸು ಕೊಟ್ಟಿತು ಎಂಬುದನ್ನು ಒಪ್ಪಲೇಬೇಕು. ಅವರಿಗೆ ಕೊಟ್ಟದ್ದು ನಮಗೇಕಿಲ್ಲ ಎಂಬ ಪ್ರಶ್ನೆ ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಎದ್ದಿತು. 1953ರ ವಸಂತದಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೂತದ್ದು, ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಜನ ಸಿಡಿದೆದ್ದದ್ದು ಮದರಾಸಿನ ಆ ಪಾಠ ಕಲಿತೇ. ನಮ್ಮ ಪುಣ್ಯ, ಶಂಕರಗೌಡರ ಉಪವಾಸ ಸಾವಿನವರೆಗೆ ಹೋಗಲಿಲ್ಲ. ವರ್ಷದ ಕೊನೆಗೆ ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ಬಂತು. ಅದು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ತುಂಗಭದ್ರಾ ಯೋಜನೆಯ ಕಾರಣಕ್ಕೆ ಆಂಧ್ರಕ್ಕೆ ಕೊಡಿ ಎಂದು ಬರೆದಾಗ ಮತ್ತೆ ಗದ್ದಲವೆದ್ದು, ಕೊನೆಗೆ ಆ ಶಿಫಾರಸು ಜಾರಿಯಾಗದೆ ಅವು ನಮ್ಮಲ್ಲೇ ಉಳಿದವು. 1956ರ ನವೆಂಬರ್ 1ಕ್ಕೆ ಎರಡೂ ರಾಜ್ಯಗಳು ಹೊಸ ಆಕಾರ ಪಡೆದವು. ನಮ್ಮ ರಾಜ್ಯೋತ್ಸವವೂ ಅವರ ಅವತರಣ ದಿನವೂ ಒಂದೇ ದಿನ ಬೀಳುವುದು ಇದರಿಂದ.

ಗಟ್ಟಿ ಸಂಘಟನೆ, ಪತ್ರಿಕೆ, ದೊಡ್ಡ ನಗರ, ವಿದ್ಯಾರ್ಥಿಗಳು ಇದ್ದ ಕಡೆ ಪ್ರತಿಭಟನೆ ಕೇಳಿಸಿತು. ಬಳ್ಳಾರಿಯಲ್ಲಿ ಇವೆಲ್ಲ ಇದ್ದವು. ಮಡಕಶಿರಾದಲ್ಲಿ ಇದ್ದದ್ದು ರಾಗಿ, ಶೇಂಗಾ, ಬರ. ಅಲ್ಲಿನ ರೈತನೊಬ್ಬ 58 ದಿನ ಉಣ್ಣದೆ ಇದ್ದಿದ್ದರೆ ಅದು ಉಪವಾಸ ಎಂದು ಯಾರಿಗಾದರೂ ತಿಳಿಯುತ್ತಿತ್ತೇ ಎಂದು ಆ ಸೀಮೆಯ ಹಿರಿಯರು ಕಹಿಯಾಗಿ ಕೇಳಿದರೆ, ಉತ್ತರ ಕೊಡುವುದು ಕಷ್ಟ. ಅದರ ಸಿಟ್ಟನ್ನು ಶ್ರೀರಾಮುಲು ಮೇಲೆ ಹೊರಿಸುವುದು ಮಾತ್ರ ಸರಿಯಲ್ಲ. ಅವರು ಹೋರಾಡಿದ್ದು ತಮ್ಮ ಜನಕ್ಕಾಗಿ, ಕನ್ನಡಿಗರ ವಿರುದ್ಧ ಅಲ್ಲ. ಜನರೇ ಅಲ್ಲವೆಂದು ಊರು ದೂರ ಇಟ್ಟವರಿಗಾಗಿ ಅವರು ಅದಕ್ಕೂ ಮೊದಲೇ ಪ್ರಾಣ ಒಡ್ಡಿದ್ದರು. ಆಂಧ್ರದಲ್ಲೂ ಆ ಭಾಗವನ್ನು ನೆನೆಯುವವರು ಕಡಿಮೆ. ಪ್ರತಿಮೆಗಳ ಕೆಳಗೆ ಅಮರಜೀವಿ ಎಂದು ಕೆತ್ತಿರುತ್ತದೆ, ಮೂಲಪೇಟೆಯ ದೇವಸ್ಥಾನದ ಹೆಸರು ಇರುವುದಿಲ್ಲ.

1956ರಲ್ಲೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲೇ ಕಲಿಸಲು ರಾಜ್ಯಗಳು ಪ್ರಯತ್ನಿಸಬೇಕು ಎಂಬುದು ಅದರ ಸಾರ. ಮಡಕಶಿರಾ, ರಾಯದುರ್ಗದ ಕಡೆ ಆಂಧ್ರ ಸರ್ಕಾರದ ಕನ್ನಡ ಮಾಧ್ಯಮ ಶಾಲೆಗಳು ನಡೆಯುತ್ತಾ ಬಂದಿರುವುದು ಇಂಥ ಆಸರೆಯಿಂದ. ಆ ಶಾಲೆಗಳ ಮೇಷ್ಟ್ರುಗಳಿಗೆ, ಪಠ್ಯಪುಸ್ತಕಕ್ಕೆ ಕಾಯುವ ಮಕ್ಕಳಿಗೆ ರಾಜ್ಯೋತ್ಸವದ ದಿನ ನಮ್ಮಂಥ ಸಂಘಗಳು ಏನು ಮಾಡಬಹುದು ಎಂಬುದನ್ನು ಸದಸ್ಯರು ಯೋಚಿಸಬೇಕೆಂದು ಕೋರುತ್ತೇನೆ. ಕರ್ನಾಟಕದ ಪುಸ್ತಕಗಳನ್ನು ತಲುಪಿಸುವುದು ಒಂದು ದಾರಿ.

ಮೈಲಾಪುರದ ಆ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಚೆನ್ನೈಗೆ ಹೋದವರು ನೋಡಿಬರಬಹುದು. 2008ರಲ್ಲಿ ನೆಲ್ಲೂರು ಜಿಲ್ಲೆಗೆ ಶ್ರೀರಾಮುಲು ಅವರ ಹೆಸರಿಟ್ಟರು. 2022ರ ಏಪ್ರಿಲ್‌ನಲ್ಲಿ ಆಂಧ್ರ ಸರ್ಕಾರ ಜಿಲ್ಲೆಗಳನ್ನು ಮತ್ತೆ ವಿಂಗಡಿಸಿದಾಗ ಮಡಕಶಿರಾ, ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು.